ಮರೆಗೆ ಹಾಕಿದ ಎಲೆ

ನಮ್ಮ ಮನೆಯಲ್ಲಿ ಕಾಮಾಲೆಗೆ ಸೊಪ್ಪು ಕೊಡುತ್ತಿದ್ದೆವು. ಮೊದಲು ಅತ್ತೆ ಕೊಡುತ್ತಿದ್ದರು, ಅವರು ಸತ್ತ ಮೇಲೆ ನಾನು. ಗುಬ್ಬಿಯಲ್ಲಿ ಬಸ್ಸಿಳಿದು ಕಾಮಾಲೆ ಅಜ್ಜಿ ಮನೆ ಎಲ್ಲಿ ಅಂತ ಕೇಳಿದರೆ ಸಾಕು, ಆಟೋದವರು ನಮ್ಮೂರಿಗೆ ತಂದು ಬಿಡುತ್ತಿದ್ದರು. ಭಾನುವಾರ ಬೆಳಗ್ಗೆ ಮಾತ್ರ. ಬರಿ ಹೊಟ್ಟೆಯಲ್ಲಿ ಬರಬೇಕು. ದುಡ್ಡು ಮುಟ್ಟುತ್ತಿರಲಿಲ್ಲ. ವಾಸಿಯಾದವರು ಒಂದು ತೆಂಗಿನಕಾಯಿ ತಂದು ಜಗಲಿಯ ಮೇಲಿಟ್ಟು ಹೋಗುತ್ತಿದ್ದರು. ವಾಸಿಯಾಗದವರು ತಿರುಗಿ ಬರುತ್ತಿರಲಿಲ್ಲ, ಅವರ ಸುದ್ದಿಯೂ ಬರುತ್ತಿರಲಿಲ್ಲ. ಹಾಗಾಗಿ ನಮಗೆ ಕಂಡಿದ್ದೆಲ್ಲ ತೆಂಗಿನಕಾಯಿಯೇ.

ಸೊಪ್ಪು ಕೊಡುವುದಕ್ಕೆ ಕಟ್ಟಳೆಗಳಿದ್ದವು. ಎಲೆಯ ಹೆಸರು ಬಾಯಲ್ಲಿ ಹೇಳಬಾರದು, ಹೇಳಿದರೆ ಗುಣ ಹೋಗುತ್ತದೆ. ಕಬ್ಬಿಣ ತಾಗಿಸಬಾರದು. ಪಥ್ಯದಲ್ಲಿರುವಷ್ಟು ದಿನ ರೋಗಿಗೆ ಉಪ್ಪು, ಖಾರ, ಎಣ್ಣೆ ಇಲ್ಲ, ಬೇರೆ ಔಷಧಿ ಇಲ್ಲ. ಪಥ್ಯ ಮುಗಿಯುವವರೆಗೆ ಸೊಪ್ಪು ಕೊಟ್ಟವರು ರೋಗಿಯ ಹೊಸ್ತಿಲು ತುಳಿಯಬಾರದು. ಯಾಕೆ ಅಂತ ಹೊಸದಾಗಿ ಬಂದಾಗ ಅತ್ತೆಯನ್ನು ಕೇಳಿದ್ದೆ. "ಯಾಕೆ ಅಂತ ಕೇಳಿದ್ರೂ ಗುಣ ಹೋಯ್ತದೆ, ಸುಮ್ಕೆ ಅರಿ" ಅಂದರು. ಸುಮ್ಮನೆ ಅರೆದೆ.

ಇನ್ನೊಂದಿದೆ. ಸೊಪ್ಪು ಅರೆಯುವಾಗ ಮರೆಗೆ ಅಂತ ಬೇರೆ ಒಂದೆರಡು ಎಲೆ ಸೇರಿಸುತ್ತಿದ್ದೆವು. ಯಾರಾದರೂ ಮೂಸಿ ನೋಡಿ ಇದು ಇಂಥ ಸೊಪ್ಪು ಅಂತ ಹಿಡಿಯಬಾರದಲ್ಲ, ಅದಕ್ಕೆ. ಹೊಲಕ್ಕೆ ಬೇಲಿ ಇದ್ದ ಹಾಗೆ. ಬೇಲಿಯನ್ನು ಯಾರೂ ಬೆಳೆ ಅನ್ನುವುದಿಲ್ಲ. ನಾವೂ ಆ ಎಲೆಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ನನಗೆ ಒಬ್ಬಳೇ ಮಗಳು. ಕುಣಿಗಲ್‌ಗೆ ಕೊಟ್ಟಿದ್ದೇನೆ. ಅಳಿಯನಿಗೆ ಅಲ್ಲಿ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿ ಇದೆ. ಅವರ ಮಗಳು, ನನ್ನ ಮೊಮ್ಮಗಳು, ತುಮಕೂರಿನಲ್ಲಿ ಗಿಡಗಳ ವಿಷಯ ಎಂಎಸ್ಸಿ ಓದುತ್ತಾಳೆ. ಮರಳೂರಿನಲ್ಲಿ ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಾಳೆ. ಬೇಸಿಗೆ ರಜಕ್ಕೆ ನಮ್ಮೂರಿಗೆ ಬಂದವಳು ಒಂದು ದಿನ ಒರಳಿನ ಪಕ್ಕ ಕೂತು ಶುರು ಮಾಡಿದಳು.

"ಅಜ್ಜಿ, ನಿನ್ ಸೊಪ್ಪು ಒಂಚೂರು ಕೊಡು. ಲ್ಯಾಬಲ್ಲಿ ಟೆಸ್ಟ್ ಮಾಡ್ತೀನಿ."

"ಯಾಕೆ, ನಿಮ್ಮಜ್ಜಿ ಸುಳ್ಳಿ ಅಂತ ಅನುಮಾನನಾ?"

"ಥೂ, ಹಂಗಲ್ಲ ಕಣಜ್ಜಿ. ಕ್ಲಾಸಲ್ಲಿ ಎಲ್ಲಾರೂ ತುಳಸಿ, ಬೇವು, ತುಳಸಿ, ಬೇವು. ನಾನೂ ಬೇವೇ ತಗೊಂಡಿರೋದು. ಜೊತೆಗೆ ನಿಂದೂ ಒಂದು ಹಾಕಿ ನೋಡ್ತೀನಿ. ನಮ್ ಮೇಡಂ ಹೂಂ ಅಂದವ್ರೆ."

"ಹೆಸರು ಹೇಳಲ್ಲ."

"ಹೇಳ್ಬೇಡ ಬುಡು. ಬಾಟ್ಲಿ ಮೇಲೆ ಅಜ್ಜಿ ಎಲೆ ಅಂತ ಬರ್ಕೋತೀನಿ."

ರೋಗಿಗೆ ಹೇಗೆ ಕೊಡುತ್ತೇನೋ ಹಾಗೆಯೇ ಕೊಟ್ಟೆ. ನೆರಳಲ್ಲಿ ಒಣಗಿಸಿ, ಮರೆಯ ಎಲೆಯನ್ನೂ ಸೇರಿಸಿ, ಗುರುತು ಸಿಗದ ಹಾಗೆ ಕೈಯಲ್ಲಿ ಪುಡಿ ಮಾಡಿ ಬಟ್ಟೆಯಲ್ಲಿ ಕಟ್ಟಿಕೊಟ್ಟೆ. ಅವಳು ಮೂಸಿ ನೋಡಿ ಮುಖ ಸಿಂಡರಿಸಿಕೊಂಡು ಬ್ಯಾಗಿಗೆ ಹಾಕಿಕೊಂಡಳು. ಅದನ್ನು ನಾನು ಮರೆತೂ ಬಿಟ್ಟೆ.

ಮಳೆ ಹಿಡಿದ ಮೇಲೆ ಒಂದು ಭಾನುವಾರ ನನ್ನ ಮಗಳು ಮುಂಚಿನ ಬಸ್ಸಿಗೇ ಬಂದಳು. ಸೆರಗನ್ನು ತಲೆ ತುಂಬ ಹೊದ್ದುಕೊಂಡಿದ್ದಳು. ಬೇರೆಯವರು ಬಂದ ಹಾಗೆಯೇ ಬಂದು ಜಗಲಿಯ ಮೇಲೆ ಕೂತಳು. ಸೆರಗು ತೆಗೆದಾಗ ನೋಡಿದೆ. ಕಣ್ಣಿನ ಬಿಳಿ ಗುಡ್ಡೆ ಅರಿಶಿನದ ನೀರಿನ ಹಾಗಿತ್ತು.

"ಯಾವಾಗಿಂದ್ಲೇ?"

"ಒಂದು ವಾರದಿಂದ ಕಣವ್ವ. ಊಟ ಸೇರಲ್ಲ. ಮೈಯೆಲ್ಲಾ ಕಡಿತ. ಅವಳಿಗೆ ಹೇಳ್ಬೇಡ, ಪರೀಕ್ಷೆ ಹತ್ರ ಐತೆ. ಓಡ್ಬಂದ್ಬುಡ್ತಾಳೆ."

ನನಗೇನೂ ಭಯವಾಗಲಿಲ್ಲ. ಕಾಮಾಲೆ ನಮಗೆ ಹೊಸದಲ್ಲ. ಹಿತ್ತಲಿಗೆ ಹೋಗಿ ಕಿತ್ತು, ಬಾಗಿಲು ಹಾಕಿಕೊಂಡು ಅರೆದು, ಮಜ್ಜಿಗೆಯಲ್ಲಿ ಕದಡಿ ಕುಡಿಸಿದೆ. ಉಳಿದ ಬೆಳಗಿಗೆಲ್ಲ ಉಂಡೆ ಕಟ್ಟಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡು ಅಂದೆ. ಪಥ್ಯ ಹೇಳಿದೆ. ಅವಳು ಚಿಕ್ಕಂದಿನಿಂದ ಕೇಳಿದವಳು, ನನಗಿಂತ ಮುಂಚೆ ಅವಳೇ ಹೇಳಿ ಮುಗಿಸಿದಳು. ಹೊಟ್ಟೆ ನೋವಿದೆಯಾ, ಕಕ್ಕಸು ಯಾವ ಬಣ್ಣ ಇದೆ, ಇದೊಂದನ್ನೂ ನಾನು ಕೇಳಲಿಲ್ಲ. ಅತ್ತೆಯೂ ಯಾರನ್ನೂ ಕೇಳುತ್ತಿರಲಿಲ್ಲ. ಕಣ್ಣು ನೋಡುವುದು, ಕುಡಿಸುವುದು, ಕಳಿಸುವುದು.

ಆಮೇಲೆ ವಾರದ ಮಧ್ಯೆ ಮೊಮ್ಮಗಳ ಫೋನು ಬಂತು. ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಕೂತಿದ್ದೆ. ಹಿಟ್ಟಿನ ಕೈಯಲ್ಲೇ ಎತ್ತಿದೆ. ಅವಳು ಕುಣಿಯುತ್ತಿದ್ದಾಳೆ ಅಂತ ದನಿಯಲ್ಲೇ ಗೊತ್ತಾಯಿತು.

"ಅಜ್ಜಿ, ನಿನ್ ಎಲೆ ಸೂಪರ್! ಎಲ್ಲಾ ಸತ್ತೋದ್ವು ಕಣಜ್ಜಿ!"

"ಏನ್ ಸತ್ವು?"

"ಮರಿಗಳು. ಉಪ್ಪು ನೀರಲ್ಲಿ ಸೀಗಡಿ ಜಾತಿ ಮರಿ ಬಿಟ್ಟು ಎಲೆ ರಸ ಹಾಕ್ತೀವಿ. ಬೇವು ಹಾಕಿದ್ರಲ್ಲಿ ಅರ್ಧಕ್ಕರ್ಧ ಬದುಕವೆ. ನಿಂದು ಹಾಕಿದ್ರಲ್ಲಿ ಬೆಳಗ್ಗೆ ನೋಡಿದ್ರೆ ಒಂದೂ ಅಲ್ಲಾಡ್ತಿಲ್ಲ!"

ನಾನು ಏನು ಹೇಳಿದೆನೋ ನೆನಪಿಲ್ಲ. ಅವಳು ಇನ್ನೂ ಏನೇನೋ ಹೇಳುತ್ತಿದ್ದಳು. ಫೋನು ಇಟ್ಟ ಮೇಲೆ ನೋಡಿದರೆ ಜರಡಿ ಮಗುಚಿ ಹಿಟ್ಟೆಲ್ಲ ನೆಲದ ಮೇಲಿತ್ತು.

ಸುಮ್ಮನೆ ಕೂತು ಸಮಾಧಾನ ಹೇಳಿಕೊಂಡೆ. ಹುಳ ಬೇರೆ, ಮನುಷ್ಯರು ಬೇರೆ. ಇಷ್ಟು ಜನಕ್ಕೆ ಕೊಟ್ಟಿದ್ದೀವಿ, ತೆಂಗಿನಕಾಯಿ ಬಂದಿವೆ. ಆಗಲೇ ಮೊದಲ ಸಲ ತೆಂಗಿನಕಾಯಿ ತರದೇ ಹೋದವರು ನೆನಪಾದರು. ನಿಟ್ಟೂರು ಕಡೆಯಿಂದ ಒಬ್ಬ ಬಸುರಿ ಬಂದಿದ್ದಳು. ಒಬ್ಬ ಮೇಷ್ಟ್ರು ಬಂದಿದ್ದರು. ಅವರೆಲ್ಲ ಏನಾದರು? ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅಂತ ಅನ್ನಿಸಿಯೂ ಇರಲಿಲ್ಲ.

ಮಗಳಿಗೆ ಫೋನ್ ಮಾಡಿದೆ. ತುಂಬ ಹೊತ್ತು ಬಡಿದುಕೊಂಡ ಮೇಲೆ ಎತ್ತಿದಳು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಹೆಂಗಿದೀಯೇ?"

"ಇದೀನಿ ಕಣವ್ವ. ಪಕ್ಕೆ ಕೆಳಗೆ ಹಿಡ್ಕೊಂಡಂಗೆ ನೋವು. ಪಥ್ಯಕ್ಕೇ ಇರ್ಬೇಕು. ಬೆಳಗ್ಗೆ ಉಂಡೆ ಕುಡಿದೆ."

"ನಾಳೆ ಕುಡೀಬೇಡ."

"ಯಾಕೆ? ಮಧ್ಯ ಬಿಟ್ರೆ ತಿರುಗಿ ಹೊಡೀತದೆ ಅಂತ ನೀನೇ ಹೇಳಿದ್ದೆ. ಬುಡವ್ವ, ನಿನ್ ಕೈಗುಣ ನಂಗೊತ್ತಿಲ್ವಾ?" ಅಂತ ಹೇಳಿ ಇಟ್ಟುಬಿಟ್ಟಳು. ಕುಡಿಯಬೇಡ ಅಂದರೂ ಕುಡಿಯುತ್ತಾಳೆ ಅಂತ ಆಗಲೇ ತಿಳಿಯಿತು. ನನ್ನ ಮಾತಿಗಿಂತ ನಾನು ಕಲಿಸಿದ ಕಟ್ಟಳೆಯೇ ಅವಳಿಗೆ ಹೆಚ್ಚು.

ಮರುದಿನ ಎದ್ದವಳೇ ಗುಬ್ಬಿಗೆ ಹೋಗಿ ತುಮಕೂರಿನ ಬಸ್ಸು ಹತ್ತಿದೆ. ಕುಣಿಗಲ್‌ಗೆ ಹೋಗುವುದಕ್ಕೆ ಮುಂಚೆ ಆ ಸತ್ತ ಮರಿಗಳನ್ನು ಕಣ್ಣಲ್ಲಿ ನೋಡಬೇಕು ಅನ್ನಿಸಿತು. ಅವಳು ತಮಾಷೆಗೆ ಹೇಳಿರಲಿ ಅಂತ ಒಳಗೊಳಗೇ ಆಸೆ.

ಕಾಲೇಜಿನ ಗೇಟಿನಲ್ಲಿ ಮೊಮ್ಮಗಳು ಬಿಳಿ ಕೋಟು ಹಾಕಿಕೊಂಡು ಬಂದಳು. "ಏನಜ್ಜಿ, ರಿಸಲ್ಟ್ ನೋಡೋಕೆ ನೀನೇ ಬಂದ್ಬುಟ್ಟಾ?" ಅಂತ ನಗುತ್ತಾ ಕೈ ಹಿಡಿದು ಕರೆದುಕೊಂಡು ಹೋದಳು. ಲ್ಯಾಬು ಅಂದರೆ ಉದ್ದನೆಯ ಕಡಪ ಕಲ್ಲಿನ ಕಟ್ಟೆ, ಗಾಜಿನ ಸಾಮಾನು, ಒಂಥರಾ ಸ್ಪಿರಿಟ್ಟಿನ ನಾತ. ಅವರ ಮೇಡಂ ಕುರ್ಚಿ ಕೊಟ್ಟು ಕೂರಿಸಿದರು.

ಮೊದಲು ಬದುಕಿರುವುದನ್ನು ತೋರಿಸಿದಳು. ಗಾಜಿನ ಲೋಟದಲ್ಲಿ ಉಪ್ಪು ನೀರು. ಪಕ್ಕದಲ್ಲಿ ದೀಪ ಇಟ್ಟಳು. ಹಿಟ್ಟಿನ ಕಣದಷ್ಟು ಸಣ್ಣವು, ಬೆಳಕಿನ ಕಡೆಗೆ ಕುಪ್ಪಳಿಸಿಕೊಂಡು ಬಂದವು. ಅಷ್ಟು ಚಿಕ್ಕದಕ್ಕೂ ಬೆಳಕು ಬೇಕು. ಆಮೇಲೆ ಅಜ್ಜಿ ಎಲೆ ಅಂತ ಬರೆದಿದ್ದ ಲೋಟ. ತಿಳಿ ಹಸಿರು ನೀರು. ದೀಪ ಇಟ್ಟಳು. ಏನೂ ಬರಲಿಲ್ಲ. ತಳದಲ್ಲಿ ಬೆಳ್ಳಗೆ ಧೂಳು ಕೂತ ಹಾಗೆ ಬಿದ್ದಿದ್ದವು.

"ನೋಡು, ಇನ್ನೊಂದು" ಅಂತ ಮುಚ್ಚಳದ ತಟ್ಟೆ ಎರಡು ತಂದಳು. ಅದರಲ್ಲಿ ರೋಗದ ಕ್ರಿಮಿ ಬೆಳೆಸಿದ್ದಾರಂತೆ, ಕೆನೆ ಕಟ್ಟಿದ ಹಾಗಿತ್ತು. ಬೇವಿನ ರಸ ಬಿಟ್ಟಿದ್ದ ಕಡೆ ಕ್ರಿಮಿ ಸತ್ತು ಸುತ್ತ ದುಂಡಗೆ ತಿಳಿಯಾಗಿತ್ತು. ನನ್ನ ಎಲೆಯ ರಸ ಬಿಟ್ಟಿದ್ದ ಕಡೆ ಏನೂ ಇಲ್ಲ, ಅಂಚಿನ ತನಕ ಕ್ರಿಮಿ ಬೆಳೆದಿತ್ತು.

"ಅಂದ್ರೆ ರೋಗ ಕೊಲ್ಲಲಿಲ್ಲ, ಮರಿ ಕೊಂದ್ಬುಡ್ತಾ?"

"ಈ ಕ್ರಿಮಿ ಕೊಲ್ಲಲಿಲ್ಲ. ಬೇರೆ ಕ್ರಿಮಿ ಕೊಲ್ಬೋದು. ಮರಿ ಸತ್ರೆ ಎಲೇಲಿ ಏನೋ ಪವರ್ ಐತೆ ಅಂತ ಲೆಕ್ಕ. ಅದಕ್ಕೇ ನಂಗೆ ಖುಷಿ."

"ಕೊಲ್ಲೋ ಪವರ್ರಾ?"

ಮೇಡಂ ಮಧ್ಯೆ ಬಂದರು. "ಔಷಧಿ ಆದರೂ ಅಳತೆ ಮೀರಿದರೆ ವಿಷ ತಾನೇ ಅಮ್ಮ. ಇದು ಮೊದಲನೇ ಪರೀಕ್ಷೆ ಅಷ್ಟೇ. ಮನುಷ್ಯರಿಗೆ ಏನಾಗುತ್ತೆ ಅಂತ ಇದರಿಂದ ಹೇಳೋಕಾಗಲ್ಲ. ಇನ್ನೂ ಎಷ್ಟೋ ನೋಡಬೇಕು."

"ನಾನು ಕೊಡೋ ಉಂಡೆ ಅಳತೆ ಮೀರೈತಾ, ಕಮ್ಮಿ ಐತಾ?"

"ಅದೂ ಈಗಲೇ ಗೊತ್ತಾಗಲ್ಲ. ಯಾಕೆ, ಈಗ ಯಾರಿಗಾದರೂ ಕೊಟ್ಟಿದ್ದೀರಾ?"

ಮೊಮ್ಮಗಳ ಕಡೆ ನೋಡಿದೆ. ಅವಳು ಇನ್ನೂ ನಗುತ್ತಲೇ ತಟ್ಟೆ ಎತ್ತಿಡುತ್ತಿದ್ದಳು. ಹೇಳಬಾರದು ಅಂತ ಮಗಳು ಹೇಳಿದ್ದಳು. ಹೇಳಿದೆ.

"ನಿಮ್ಮಮ್ಮಂಗೆ ಕಣವ್ವ. ಭಾನುವಾರದಿಂದ ಕುಡೀತಾವ್ಳೆ."

ಅವಳ ಮುಖ ನೋಡಿದ ಮೇಲೆ ನನಗೆ ನಿಜವಾದ ಭಯ ಹಿಡಿಯಿತು. ಓದಿದವಳು ನಕ್ಕು ಬಿಡುತ್ತಾಳೆ, ಏನೂ ಆಗಲ್ಲ ಬುಡಜ್ಜಿ ಅನ್ನುತ್ತಾಳೆ ಅಂತ ಕಾದಿದ್ದೆ. ಅವಳು ನಗಲಿಲ್ಲ. ತಟ್ಟೆ ಕೆಳಗಿಟ್ಟು ಕೋಟು ಬಿಚ್ಚಿದಳು. ತೋಳು ಸಿಕ್ಕಿಹಾಕಿಕೊಂಡು ಕೋಟು ಬರಲೇ ಇಲ್ಲ, ಮೇಡಂ ಬಿಡಿಸಿಕೊಟ್ಟರು. "ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಎಲೆ ಹೆಸರು ಡಾಕ್ಟರಿಗೆ ಹೇಳಲೇಬೇಕು" ಅಂದರು. ಅದನ್ನು ನನ್ನ ಮುಖ ನೋಡಿಯೇ ಅಂದರು.

ಕುಣಿಗಲ್ ಬಸ್ಸಿನಲ್ಲಿ ಮೊಮ್ಮಗಳು ಕಿಟಕಿಗೆ ಒರಗಿ ಫೋನು ಓದುತ್ತಾ ಕೂತಳು. ಹೆಬ್ಬೂರು ದಾಟಿದ ಮೇಲೆ ನಾನೇ ಕೇಳಿದೆ.

"ಏನೇ ಅದು ಓದ್ತಿರೋದು?"

"ಲಿವರ್."

"ಏನಂತೆ?"

"ಸುಮ್ನಿರಜ್ಜಿ."

ಪಕ್ಕದ ಸೀಟಿನವಳು ಯಡಿಯೂರಿಗೆ ಹೊರಟಿದ್ದಳು. ಬುಟ್ಟಿಯಲ್ಲಿ ಹಣ್ಣುಕಾಯಿ. ನೀವೂ ಅಲ್ಲಿಗೇನಾ ಅಂತ ಕೇಳಿದಳು. ಇಲ್ಲ ಅಂದೆ. ಒಂದು ಹರಕೆ ಹೊತ್ತುಕೊಳ್ಳೋಣ ಅಂತ ಬಾಯಿಗೆ ಬಂತು, ಹೊರಲಿಲ್ಲ. ಸೊಪ್ಪು ಕೊಟ್ಟವಳು ನಾನು, ದೇವರಲ್ಲ.

ಮಗಳ ಮನೆ ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದವಳು ನನ್ನನ್ನು ಕಂಡದ್ದೇ ಗೋಡೆ ಹಿಡಿದು ಎದ್ದಳು.

"ಅವ್ವ, ನಿಲ್ಲು! ಹೊಸ್ಲು ದಾಟ್ಬೇಡ! ಪಥ್ಯ ಮುಗ್ದಿಲ್ಲ!"

ನಿಂತೆ. ಇದನ್ನು ಓದುವವರಿಗೆ ನಗು ಬರಬಹುದು. ಅರ್ಧ ದಿನದಿಂದ ಅವಳು ಸತ್ತೇ ಹೋಗುತ್ತಾಳೆ ಅಂತ ಹೆದರಿ ಬಂದವಳು ಹೊಸ್ತಿಲ ಮುಂದೆ ಕಲ್ಲಿನ ಹಾಗೆ ನಿಂತೆ. ಒಂದು ಕಡೆ ಲೋಟದ ತಳದ ಬಿಳಿ ಧೂಳು, ಇನ್ನೊಂದು ಕಡೆ ಅತ್ತೆಯ ಮಾತು. ತುಳಿದರೆ ಇವಳ ಜೀವಕ್ಕೆ ನಾನೇ ಮುಳುವಾಗುತ್ತೇನಾ, ತುಳಿಯದಿದ್ದರೆ ಆಗುತ್ತೇನಾ? ಮೊಮ್ಮಗಳು ನನ್ನನ್ನು ಸರಿಸಿ ಒಳಗೆ ಓಡಿದಳು.

"ಅಮ್ಮ, ಏನಮ್ಮ ಇದು, ಕಣ್ಣು!"

"ನಿಂಗ್ಯಾರೇ ಹೇಳಿದ್ದು? ಪರೀಕ್ಷೆ ಬುಟ್ಟು ಬಂದ್ಯಾ?"

"ಪರೀಕ್ಷೆ ಮನೆ ಹಾಳಾಗ್ಲಿ. ಅಜ್ಜಿ, ಬಾ ಒಳಗೆ! ಬಾ ಅಂತೀನಿ!"

ಕಾಲೆತ್ತಿ ಇಟ್ಟೆ. ಏನೋ ಆಗುತ್ತದೆ ಅಂದುಕೊಂಡೆ. ಆಗಲಿಲ್ಲ. ಮಗಳು ಮಾತ್ರ ಮುಖ ಮುಚ್ಚಿಕೊಂಡು, "ಹಾಳ್ ಮಾಡ್ಬುಟ್ಟೆ ಕಣವ್ವ, ಇನ್ನೇನ್ ವಾಸಿ ಆಯ್ತದೆ" ಅಂತ ಅತ್ತಳು. ಅವಳ ಕೈಕಾಲು ತುಂಬ ಪರಚಿಕೊಂಡ ಗೀರು. ಹಳದಿ ಕಣ್ಣಿನಿಂದ ಮೈಗೆ ಇಳಿದಿತ್ತು. ಮೊಮ್ಮಗಳು ಪಕ್ಕದಲ್ಲಿ ಕೂತು ನಾನು ಕೇಳದಿದ್ದನ್ನೆಲ್ಲ ಕೇಳಿದಳು. ಕಕ್ಕಸು ಸುಣ್ಣದ ಹಾಗೆ ಬೆಳ್ಳಗೆ ಹೋಗುತ್ತಿದೆಯಂತೆ. ಹಿಂದಿನ ಸಂಜೆಯಿಂದ ಚಳಿ ಬಿಟ್ಟು ಬಿಟ್ಟು ಬರುತ್ತಿದೆಯಂತೆ.

ಅಳಿಯ ಅಂಗಡಿಯಿಂದ ಓಡಿಬಂದ. ಕೈಯೆಲ್ಲ ಗ್ರೀಸು. "ಅತ್ತೆ, ನೀವು ಕೊಟ್ಟಿದ್ದೀರಿ ಅಂತ ನಾನು ಧೈರ್ಯವಾಗಿದ್ದೆ" ಅಂದ. ಬೈದಿದ್ದರೆ ಚೆನ್ನಾಗಿತ್ತು. ಊರಿನ ಡಾಕ್ಟರು ನೋಡಿದವರೇ ಇಲ್ಲಿ ಬೇಡ, ಸ್ಕ್ಯಾನ್ ಆಗಬೇಕು, ತುಮಕೂರಿಗೆ ಹೋಗಿ ಅಂದರು. ವ್ಯಾನು ಮಾಡಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟೆವು. ಮಗಳ ತಲೆ ನನ್ನ ತೊಡೆಯ ಮೇಲೆ. ಅವಳ ಮೈ ಸುಡುತ್ತಿತ್ತು. ಉಸಿರಾಡುತ್ತಿದ್ದಾಳಾ ಅಂತ ಮತ್ತೆ ಮತ್ತೆ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. "ಇದೀನಿ ಸುಮ್ಕಿರವ್ವ" ಅಂದಳು, ಕಣ್ಣು ಬಿಡದೆ.

ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಅವಳು ಕಿರುಚಿದಳು.

"ಏನಾದ್ರೂ ನಾಟಿ ಔಷಧಿ ತಗೊಂಡಿದ್ರಾ?"

"ಇಲ್ಲ" ಅಂದಳು ನನ್ನ ಮಗಳು. ಅಂಥ ನೋವಿನಲ್ಲೂ ನನ್ನ ಕಡೆ ನೋಡದೆ, ಇಲ್ಲ ಅಂದಳು.

"ತಗೊಂಡವ್ಳೆ ಸ್ವಾಮಿ. ನಾನೇ ಕೊಟ್ಟಿದ್ದು" ಅಂದೆ.

"ಯಾವ ಎಲೆ?"

ಅತ್ತೆ ಸಾಯುವಾಗಲೂ ಆ ಹೆಸರನ್ನು ಕಿವಿಯಲ್ಲಿ ಹೇಳಿರಲಿಲ್ಲ, ಹಿತ್ತಲಿಗೆ ಕರೆದುಕೊಂಡು ಹೋಗಿ ಬೆರಳು ತೋರಿಸಿದ್ದರು. ಗಂಡನಿಗೆ ನಾನು ಹೇಳಲಿಲ್ಲ. ಮಗಳಿಗೆ ಹೇಳಲಿಲ್ಲ. ಈಗ ಹೇಳಿದರೆ, ಅವಳ ಹೊಟ್ಟೆಯಲ್ಲಿರುವ ಸೊಪ್ಪಿನಲ್ಲಿ ಇದ್ದ ಗುಣವೂ ಹೋಗಿ ಬರೀ ವಿಷ ಉಳಿಯುತ್ತದಾ ಅನ್ನುವ ಹೆದರಿಕೆ.

"ಅಜ್ಜಿ" ಅಂದಳು ಮೊಮ್ಮಗಳು.

"ಕಿರುನೆಲ್ಲಿ" ಅಂದೆ.

ಡಾಕ್ಟರು ತಲೆ ಎತ್ತಲೂ ಇಲ್ಲ. "ಓ, ನೆಲನೆಲ್ಲಿನಾ. ಎಲ್ಲರೂ ಅದನ್ನೇ ಕೊಡ್ತಾರೆ. ಅಷ್ಟೇನಾ, ಇನ್ನೇನಾದ್ರೂ ಇದೆಯಾ?"

"ಅಷ್ಟೇ."

ಅವಳನ್ನು ಸ್ಕ್ಯಾನಿಗೆ ತಳ್ಳಿಕೊಂಡು ಹೋದರು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಎಲ್ಲರೂ ಅದನ್ನೇ ಕೊಡ್ತಾರೆ! ಆ ಮಾತು ಕಿವಿಯಲ್ಲೇ ಇತ್ತು. ಎದುರು ಬೆಂಚಿನಲ್ಲಿ ಒಬ್ಬ ತಾಯಿ ಮಗಳ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಹೇನು ಹೆಕ್ಕುತ್ತಿದ್ದಳು. ಹೆಕ್ಕಿ ಉಗುರಿನ ಮೇಲಿಟ್ಟು ಚಟ್ ಅನ್ನಿಸುತ್ತಿದ್ದಳು. ಸುಮ್ಮನೆ ನೋಡುತ್ತಾ ಕೂತಿದ್ದೆ. ಹೀಗೆ ಕೂತರೆ ಎಂದಿಗೆ ಮುಗಿಯುತ್ತದೆ, ಸೀತಾಫಲದ ಎಲೆ ಅರೆದು ಹಚ್ಚಿದರೆ ಎಲ್ಲ ಒಟ್ಟಿಗೇ ಸಾಯುತ್ತವೆ, ಅಂತ ಹೇಳಬೇಕು ಅನ್ನಿಸಿತು. ನನ್ನ ಮಗಳು ಸ್ಕೂಲಿಗೆ ಹೋಗುವಾಗ ಹಾಗೇ ಮಾಡುತ್ತಿದ್ದೆ. ತಲೆ ತೊಳೆದರೆ ಕಲ್ಲಿನ ಮೇಲೆ ಸತ್ತ ಹೇನು, ಒಂದೂ ಅಲ್ಲಾಡುತ್ತಿರಲಿಲ್ಲ.

ಒಂದೂ ಅಲ್ಲಾಡುತ್ತಿರಲಿಲ್ಲ.

ಮರೆಗೆ ಹಾಕುವ ಎಲೆ ಅದೇ. ಹಿತ್ತಲ ಬೇಲಿಯ ಸೀತಾಫಲ.

ಹೇಗೆ ಎದ್ದೆನೋ ಗೊತ್ತಿಲ್ಲ. ಬಾಗಿಲಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದು, "ಏಯ್ ಅಜ್ಜಿ, ಎಲ್ಲಿಗೆ? ನಿನ್ ಸರದಿ ಅಲ್ಲ" ಅಂದ. ಅವನ ಕೈ ಕೆಳಗೆ ನುಗ್ಗಿದೆ. ಒಳಗೆ ಬೇರೆ ಯಾರೋ ಅಂಗಿ ಬಿಚ್ಚಿ ಕೂತಿದ್ದರು.

"ಸ್ವಾಮಿ, ಇನ್ನೊಂದು ಎಲೆ ಐತೆ."

"ಅಷ್ಟೇ ಅಂದ್ರಲ್ಲಮ್ಮ?"

"ಅದು ಔಷಧಿ ಅಲ್ಲ ಸ್ವಾಮಿ. ಮರೆಗೆ ಹಾಕೋದು. ಕಿರುನೆಲ್ಲಿ ಅಂತ ಯಾರಿಗೂ ತಿಳೀಬಾರದು ಅಂತ. ಸೀತಾಫಲದ್ದು. ಹೇನಿಗೆ ಹಚ್ತೀವಲ್ಲ, ಅದು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಲ್ಲರಿಗೂ ಗೊತ್ತಿರೋದನ್ನ ಬಚ್ಚಿಡೋಕೆ, ಯಾರಿಗೂ ಗೊತ್ತಿಲ್ಲದ್ದನ್ನ ಕುಡಿಸಿದ್ರಾ?"

ಎಷ್ಟು ಎಲೆ, ಎಷ್ಟು ಸಲ, ಹಸಿಯದೋ ಒಣಗಿದ್ದೋ ಕೇಳಿ ಬರೆದುಕೊಂಡರು. ಇನ್ನೊಂದು ರಕ್ತ ತೆಗೆಯಲು ಹೇಳಿದರು. ಹೊರಗೆ ಬಂದು ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಮೊಮ್ಮಗಳಿಗೆ ಹೇಳಿದೆ.

"ನಂಗೆ ಕೊಟ್ಟ ಪುಡೀಲೂ ಇತ್ತಾ ಅದು?"

"ಹೂಂ."

"ಅಂದ್ರೆ ನನ್ ಮರಿ ಕೊಂದಿದ್ದು ಯಾವ್ದು ಅಂತ್ಲೇ ಗೊತ್ತಿಲ್ಲ." ಅವಳು ನೆಲದ ಮೇಲೆ ನನ್ನ ಪಕ್ಕ ಕೂತಳು. ಬೈಯಲಿಲ್ಲ. ಇಬ್ಬರೂ ಆ ಬಾಗಿಲನ್ನೇ ನೋಡುತ್ತಾ ಕೂತೆವು.

ಸಂಜೆ ಹೊತ್ತಿಗೆ ಡಾಕ್ಟರು ಕರೆದರು. ಸ್ಕ್ಯಾನಿನ ಹಾಳೆ ದೀಪಕ್ಕೆ ಹಿಡಿದು ತೋರಿಸಿದರು. ನನಗೆ ಮೋಡದ ಹಾಗೆ ಕಂಡಿತು.

"ಪಿತ್ತದ ನಾಳದಲ್ಲಿ ಕಲ್ಲು ಸಿಕ್ಕಾಕೊಂಡಿದೆ. ಅದಕ್ಕೇ ಹಳದಿ, ಅದಕ್ಕೇ ಕಡಿತ, ಅದಕ್ಕೇ ಕಕ್ಕಸು ಬೆಳ್ಳಗೆ. ಸೊಪ್ಪಿಂದ ಬಂದಿದ್ದಲ್ಲ ಇದು. ಸೊಪ್ಪಿಂದ ಹೋಗೋದೂ ಅಲ್ಲ. ಕೀವು ಶುರುವಾಗಿದೆ. ಇನ್ನು ನಾಲ್ಕು ದಿನ ಪಥ್ಯ ಅಂತ ಮನೇಲಿ ಮಲಗಿದ್ದಿದ್ರೆ ನನ್ನ ಹತ್ರ ತಂದು ಪ್ರಯೋಜನ ಇರ್ತಿರಲಿಲ್ಲ."

"ಕುಡಿದ ಎಲೆ ಏನು ಮಾಡೈತೆ ಸ್ವಾಮಿ?"

"ಅದನ್ನ ನಾನು ಹೇಳೋಕಾಗಲ್ಲ. ಲಿವರ್ ಸ್ವಲ್ಪ ಕೆಟ್ಟಿದೆ. ಕಲ್ಲಿಂದ ಎಷ್ಟು, ಎಲೆಯಿಂದ ಎಷ್ಟು ಅಂತ ಬಿಡಿಸಿ ಹೇಳೋರು ಯಾರೂ ಇಲ್ಲ."

ಮಾರನೆಯ ದಿನ ಬಾಯಿಯಿಂದ ಪೈಪು ಬಿಟ್ಟು ಕಲ್ಲು ತೆಗೆದರು. ಅಳಿಯ ಅದನ್ನು ಒಂದು ಶೀಸೆಯಲ್ಲಿ ತೋರಿಸಿದ. ತೊಗರಿಕಾಳಿಗಿಂತ ಚಿಕ್ಕದು, ಕಂದು ಬಣ್ಣ. ಜ್ವರ ಇಳಿಯಿತು. ಕಣ್ಣಿನ ಹಳದಿ ಬೇಗ ಹೋಗಲಿಲ್ಲ. ದಿನಾ ಬೆಳಗ್ಗೆ ಕಿಟಕಿ ಹತ್ತಿರ ಮುಖ ತಿರುಗಿಸಿ ನೋಡುತ್ತಿದ್ದೆ. ಕಮ್ಮಿಯಾಗಿದೆ ಅಂತ ಅವರೆಲ್ಲ ಅಂದರೂ ನನಗೆ ಹಾಗೇ ಇದೆ ಅನ್ನಿಸುತ್ತಿತ್ತು.

ಗಂಜಿ ಕುಡಿಯುವ ಹಾಗಾದ ಮೇಲೆ ಒಂದು ದಿನ ಮಗಳು ಕೇಳಿದಳು.

"ಅವ್ವ, ನಿಜವಾಗ್ಲೂ ಕಿರುನೆಲ್ಲಿನಾ?"

"ಹೂಂ."

"ನಮ್ ಬಚ್ಚಲ ನೀರು ಹರಿಯೋ ಕಡೆ ಬೆಳಿಯೋದಾ? ನಾನು ಸಣ್ಣವಳಾಗಿದ್ದಾಗಿಂದ ನೀನು ದೇವರಾಯನದುರ್ಗದ ಕಾಡಿಂದ ತರಿಸ್ತೀಯ ಅಂದ್ಕೊಂಡಿದ್ದೆ. ಎಷ್ಟು ಸಲ ಅದರ ಮೇಲೆ ಪಾತ್ರೆ ತೊಳ್ದಿದೀನಿ!" ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು. "ನಗಿಸ್ಬೇಡ ಬುಡು, ನೋಯ್ತದೆ."

ನಾನು ನಗಿಸಿರಲಿಲ್ಲ.

ಮೊಮ್ಮಗಳು ಪರೀಕ್ಷೆ ಬರೆದಳು. ಆಮೇಲೆ ಊರಿಗೆ ಬಂದು ಎರಡು ಎಲೆಯನ್ನೂ ಬೇರೆ ಬೇರೆ ಕವರಿಗೆ ಹಾಕಿಸಿಕೊಂಡಳು. ಈ ಸಲ ಹೂವು, ಕಾಯಿ, ಬೇರು ಸಮೇತ, ಹೆಸರು ಹೇಳಿಸಿಕೊಂಡೇ. ಕಿರುನೆಲ್ಲಿ ಹಾಕಿದ ಲೋಟದಲ್ಲಿ ಮುಕ್ಕಾಲು ಮರಿ ಬದುಕಿದ್ದವಂತೆ. ಸೀತಾಫಲದ ಲೋಟದಲ್ಲಿ ಒಂದೂ ಇಲ್ಲ. ಸಮಾಧಾನ ಆಗಲಿ ಅಂತಲೇ ಫೋನ್ ಮಾಡಿ ಹೇಳಿದಳು. "ನಿನ್ ಔಷಧಿ ಎಲೆ ಕೊಲ್ಲಲಿಲ್ಲ ಕಣಜ್ಜಿ." ನಾನು ಹೂಂ ಅಂದೆ. ಆದರೆ ಬಂದವರಿಗೆಲ್ಲ ಎರಡನ್ನೂ ಸೇರಿಸಿಯೇ ಕುಡಿಸಿದ್ದು. ಆ ಬಸುರಿ ನಿಟ್ಟೂರಿನಿಂದ ಆಚೆ ಯಾವ ಊರಿನವಳು ಅಂತಲೂ ನನಗೆ ತಿಳಿಯದು. ಗುಬ್ಬಿ ಸಂತೆಯಲ್ಲಿ ಮಗು ಎತ್ತಿಕೊಂಡ ಹೆಂಗಸರು ಕಂಡರೆ ಮುಖ ನೋಡುತ್ತೇನೆ. ಅವಳ ಮುಖ ನನಗೆ ನೆನಪಿಲ್ಲ, ಆದರೂ ನೋಡುತ್ತೇನೆ.

ಸೊಪ್ಪು ಅರೆಯುವುದು ನಿಂತಿದೆ. ಜನ ಬರುವುದು ನಿಂತಿಲ್ಲ. ಭಾನುವಾರ ಬೆಳಗ್ಗೆ ಬೀದಿಯಲ್ಲಿ ಆಟೋ ನಿಂತ ಸದ್ದಾದರೆ ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಜಗಲಿಗೆ ಬರುತ್ತೇನೆ. ಹೋದ ವಾರ ಒಬ್ಬ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಜಗಲಿ ಹತ್ತುವ ಮುಂಚೆಯೇ ಕೇಳಿದೆ.

"ಕಕ್ಕಸು ಯಾವ ಬಣ್ಣ ಹೋಯ್ತದೆ ಕಣಮ್ಮ?"

ಅವನಿಗೆ ಸಿಟ್ಟು ಬಂತು. "ಏನಜ್ಜಿ, ಸೊಪ್ಪು ಕೇಳೋಕೆ ಬಂದ್ರೆ ಇಂಥಾ ಮಾತು ಕೇಳ್ತೀಯ?"

ಅವಳು ಗಂಡನ ಹಿಂದೆ ನಿಂತು ಮೆಲ್ಲಗೆ ಅಂದಳು. "ಬೆಳ್ಳಗೆ."

"ಆಟೋ ಕಳಿಸ್ಬೇಡ, ನಿಲ್ಸು" 

ಹಾಗಂತ ಕೂಗಿಕೊಂಡು ನಾನೇ ಬೀದಿಗೆ ಓಡಿದೆ.